ಬಲಮೂಲೆಯ ಹೆಸರು

ರಗಳೆಗೆಲ್ಲ ಕಾರಣ ಎರಡು ಬೆರಳು ಎತ್ತರದ ನಾಲ್ಕು ಅಕ್ಷರ. ನೀಲಿ ಬಳಿದ ತಗಡಿನ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಬಿಳಿ ಪೇಂಟಿನಲ್ಲಿ ಬರೆದದ್ದು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವಂಥದ್ದು. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಅದು ಸೈಕಲ್ ಶಾಪಿನವನ ಕಣ್ಣಿಗೆ ಬಿತ್ತು. ಅವನ ಕಣ್ಣಿಗೆ ಬಿದ್ದದ್ದು ಬೀದಿಯ ಬಾಯಿಗೆ ಬೀಳದೆ ಉಳಿದ ದಾಖಲೆಯಿಲ್ಲ.

ಬರೆದವನು ಬೋರ್ಡಣ್ಣ. ಅಂಗಡಿ, ಆಸ್ಪತ್ರೆ, ಶಾಲೆ, ಕಚೇರಿ ಎನ್ನದೆ ಊರಿನ ಬೋರ್ಡುಗಳನ್ನೆಲ್ಲ ಬರೆದು ಬರೆದು ಇಪ್ಪತ್ತೆರಡು ವರ್ಷದಲ್ಲಿ ಆ ಅಡ್ಡಹೆಸರು ಅವನಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅಮ್ಮ ಇಟ್ಟ ಸ್ವಂತ ಹೆಸರೂ ಒಂದಿತ್ತು. ಅದನ್ನು ಅವನು ಹುಟ್ಟುವುದಕ್ಕೆ ಮೊದಲೇ ಒಬ್ಬ ಚಿತ್ರಕಲಾವಿದರು ದೊಡ್ಡದು ಮಾಡಿದ್ದರು. ಅವನು ಬೆಳೆಯುವ ಹೊತ್ತಿಗೆ ಒಬ್ಬ ಗೋಲ್‌ಕೀಪರ್ ಇನ್ನೂ ದೊಡ್ಡದು ಮಾಡಿದ. ಕಲಾವಿದರು ಜೀವಮಾನವಿಡೀ ಮುಚ್ಚಿದ ಬಾಗಿಲುಗಳನ್ನೇ ಬರೆದು ಪ್ರಸಿದ್ಧರಾದವರು. ಗೋಲ್‌ಕೀಪರ್ ಒಂದೇ ಪಂದ್ಯದಲ್ಲಿ ಐದು ಪೆನಾಲ್ಟಿ ತಡೆದು ಪ್ರಸಿದ್ಧನಾದವನು. ಒಬ್ಬರು ಬಾಗಿಲು ಮುಚ್ಚಿದರು, ಇನ್ನೊಬ್ಬ ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಬೋರ್ಡಣ್ಣ ತನ್ನ ಹೆಸರಿನ ಹೊರಗೇ ಉಳಿದ.

ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗರು ಚೆಂಡು ಹಿಡಿಯುವ ಹಾಗೆ ನೆಗೆಯುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸು ಅವನ ಹೆಸರು ಕೂಗಿದರೆ ಕಾಯುತ್ತಿದ್ದ ರೋಗಿಗಳೆಲ್ಲ ಉತ್ಸಾಹದಿಂದ ತಿರುಗಿ ನೋಡಿ, ಎದ್ದು ಬಂದವನನ್ನು ಕಂಡು ಮತ್ತೆ ಕಾಯಿಲೆ ಬೀಳುತ್ತಿದ್ದರು. ಕೊನೆಗೆ ಆ ಹೆಸರಿನಿಂದ ಕರೆಯುವುದನ್ನೇ ಎಲ್ಲರೂ ಬಿಟ್ಟರು. ಬೀದಿಯವರಿಗೆ ಬೋರ್ಡಣ್ಣ, ಮಗಳಿಗೆ ಅಪ್ಪ, ಭಾಮೈದನಿಗೆ ಭಾವ, ಹೆಂಡತಿಗೆ "ರೀ". ಅವನ ಹೆಸರು ಅವನದಾಗಿ ಉಳಿದಿದ್ದ ಜಾಗ ಭೂಮಿಯ ಮೇಲೆ ಒಂದೇ, ಅವನು ಬರೆದ ಬೋರ್ಡುಗಳ ಬಲಮೂಲೆ. ಬೋರ್ಡು ಬರೆಯುವವರು ಕೆಳಗೆ ತಮ್ಮ ಹೆಸರು ಹಾಕುವುದು ಕಸುಬಿನ ರೂಢಿ. ಉಳಿದವರಿಗೆ ಅದು ರೂಢಿ, ಬೋರ್ಡಣ್ಣನಿಗೆ ಅದು ಪ್ರಾಣ.

ಹೀಗಿರುವಾಗ ಪುರಸಭೆಯವರು ಅವನು ವಾಸವಿದ್ದ ಬೀದಿಗೇ ಆ ಹೆಸರಿಡಲು ಠರಾವು ಮಾಡಿದರು. ಹನ್ನೊಂದು ವರ್ಷದಲ್ಲಿ ಆ ಸಭೆಯಲ್ಲಿ ಸರ್ವಾನುಮತದಿಂದ ಪಾಸಾದ ಠರಾವು ಅದೊಂದೇ. ಅರ್ಧ ಸದಸ್ಯರು ಕಲಾವಿದರಿಗೆ ಅಂದುಕೊಂಡು ಕೈ ಎತ್ತಿದ್ದರು, ಇನ್ನರ್ಧ ಗೋಲ್‌ಕೀಪರಿಗೆ ಅಂದುಕೊಂಡು. ಊಟದ ಹೊತ್ತಾಗಿದ್ದರಿಂದ ಯಾರೂ ಬಿಡಿಸಿ ಕೇಳಲಿಲ್ಲ. ಬೋರ್ಡು ಬರೆಯುವ ಕೆಲಸ ವಾಡಿಕೆಯಂತೆ ಬೋರ್ಡಣ್ಣನಿಗೇ ಬಂತು.

"ಬೋರ್ಡಣ್ಣ, ಚೆನ್ನಾಗಿದೆ," ಎಂದ ಸೈಕಲ್ ಶಾಪಿನವನು, ಏಣಿಯ ಕೆಳಗೆ ನಿಂತು. ಅವನು ಬೀದಿಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. "ಪಕ್ಕದಲ್ಲಿ ಒಂದು ಚೆಂಡು ಬರೆದುಬಿಡು. ಜನಕ್ಕೆ ಗೊತ್ತಾಗ್ಲಿ."

"ಚೆಂಡು ಯಾಕಪ್ಪ?" ಎಂದರು ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೂ ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಯೇ ಹಾಲು ತರಲು ಹೋಗುವವರು. "ಬರೆಯೋದಾದ್ರೆ ಒಂದು ಬಾಗಿಲು ಬರೀಲಿ. ಅಂಥಾ ಕಲಾವಿದರ ಹೆಸರಿನ ಪಕ್ಕ ಚೆಂಡು ಬರೆದ್ರೆ ನೋಡ್ದೋರು ನಗಲ್ವಾ?"

"ಯಾವ ಕಲಾವಿದರು?"

"ಯಾವ ಚೆಂಡು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ತಿಂಗಳಿಂದ ಇಬ್ಬರೂ ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಂಡು, ಒಟ್ಟಿಗೆ ಕಾಫಿ ಕುಡಿದು, ಬೇರೆ ಬೇರೆಯವರಿಗಾಗಿ ಸಂತೋಷಪಟ್ಟಿದ್ದರು. ಅಷ್ಟೂ ಕಾಫಿ ದಂಡವಾದ ಸಂಕಟ ಇಬ್ಬರ ಮುಖದಲ್ಲೂ ಮೂಡಿತು. ಐದು ನಿಮಿಷದಲ್ಲಿ ಕ್ಷೌರದಂಗಡಿಯಲ್ಲಿ ಅರ್ಧ ಮುಖ ಬೋಳಿಸಿಕೊಂಡವರೂ ಎದ್ದು ಬಂದು ಎರಡು ಪಕ್ಷವಾಗಿ ನಿಂತಿದ್ದರು.

ಆಗ ಸೈಕಲ್ ಶಾಪಿನವನು ಬಲಮೂಲೆ ನೋಡಿದ್ದು. "ಇದೇನು, ಕೆಳಗಡೆ ಮತ್ತೆ ಅದೇ ಹೆಸರು?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ ಗೆದ್ದವರಂತೆ ನೆಟ್ಟಗಾದರು. "ನೋಡಿದ್ರಾ? ಚಿತ್ರದ ಮೂಲೇಲಿ ಸಹಿ ಹಾಕೋರು ಯಾರು? ಕಲಾವಿದರು. ಅಲ್ಲಿಗೆ ತೀರ್ಮಾನ ಆಯ್ತು."

"ಜೆರ್ಸಿ ಮೇಲೆ ಹೆಸರು ಹಾಕ್ಕೊಳ್ಳೋರು ಯಾರು ಮೇಷ್ಟ್ರೇ? ಬಾಗಿಲು ಬರೆಯೋರಾ?"

"ಅದು ನಾನು," ಎಂದ ಬೋರ್ಡಣ್ಣ ಏಣಿಯ ಮೇಲಿಂದ.

 ಎರಡೂ ಪಕ್ಷದವರು ಸೇರಿ ನಕ್ಕರು. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಸಂಗತಿ ಅದೊಂದೇ ಆಗಿತ್ತು. ಬೋರ್ಡಣ್ಣನಿಗೆ ಆ ನಗು ನಾಟಿತು. ಅಂಗಡಿಯವರು ಬೈದದ್ದುಂಟು, ಬರೆದ ಅಕ್ಷರ ಸೊಟ್ಟ ಎಂದು ತಕರಾರು ತೆಗೆದದ್ದುಂಟು, ಅದನ್ನೆಲ್ಲ ಅವನು ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಅವನ ಹೆಸರು ಅವನದು ಎಂದರೆ ನಗುವ ಜನಕ್ಕೆ ಏನು ಹೇಳುವುದು?

"ಬೋರ್ಡಣ್ಣ, ಅದೊಂದನ್ನ ಅಳಿಸಿಬಿಡು," ಎಂದ ಸೈಕಲ್ ಶಾಪಿನವನು, ಕಣ್ಣೊರೆಸಿಕೊಂಡು. "ಸುಮ್ನೆ ಗೊಂದಲ."

"ಅಳಿಸಲ್ಲ."

"ಅಯ್ಯೋ, ಎರಡು ಬೆರಳಗಲ ಪೇಂಟಪ್ಪ."

"ಎರಡು ಬೆರಳೋ, ಎರಡು ಮೈಲಿಯೋ, ಅಳಿಸಲ್ಲ ಅಂದ್ರೆ ಅಳಿಸಲ್ಲ."

ಪುರಸಭೆಗೇ ಹೋಗಿ ಇತ್ಯರ್ಥ ಮಾಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಬೋರ್ಡಿನ ಸ್ಕ್ರೂ ಬಿಚ್ಚಿ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದರು. ಸೈಕಲ್ ಶಾಪಿನವನು ತಳ್ಳಿದ, ಮೇಷ್ಟ್ರು ಅವನನ್ನು ನಂಬದೆ ಹಿಂದಿನಿಂದ ಬೋರ್ಡನ್ನು ಹಿಡಿದುಕೊಂಡರು. ಬೋರ್ಡಣ್ಣ ಪೇಂಟಿನ ಪೆಟ್ಟಿಗೆ ಕೈಯಲ್ಲಿ ಹಿಡಿದು ಮೇಷ್ಟ್ರ ಹಿಂದೆ ನಡೆದ. ದಾರಿಯಲ್ಲಿ ಕಂಡವರೆಲ್ಲ ಏನಾಯಿತು ಎಂದು ಕೇಳಿದರು, ಕೇಳಿದವರಿಗೆಲ್ಲ ಇಬ್ಬರೂ ಒಟ್ಟಿಗೆ ಉತ್ತರ ಹೇಳಿದರು, ಯಾರಿಗೂ ಏನೂ ತಿಳಿಯಲಿಲ್ಲ.

ಪುರಸಭೆಯ ಅಧಿಕಾರಿ ಮೇಡಂ ಫೈಲು ತರಿಸಿ ಕನ್ನಡಕ ಹಾಕಿಕೊಂಡು ಓದಿದರು. "ಖ್ಯಾತ" ಎಂದಿತ್ತು, ಮುಂದೆ ಆ ಹೆಸರಿತ್ತು, ಅದರ ಮುಂದೆ "ಅವರ ಹೆಸರನ್ನು ಇಡಲು" ಎಂದಿತ್ತು. ಖ್ಯಾತ ಏನು ಎಂದು ಬರೆಯಬೇಕಾದ ಜಾಗದಲ್ಲಿ ಯಾರೋ ಲೋಟ ಇಟ್ಟ ದುಂಡನೆಯ ಗುರುತು ಮಾತ್ರ ಇತ್ತು.

"ಇಬ್ಬರೂ ಖ್ಯಾತರೇ," ಎಂದರು ಮೇಡಂ, ನಿಟ್ಟುಸಿರುಬಿಟ್ಟು. "ಇದನ್ನ ನಾನು ಅಧ್ಯಕ್ಷರ ಹತ್ರ ಮಾತಾಡ್ತೀನಿ. ಅಲ್ಲೀವರೆಗೂ ಈ ಕೆಳಗಡೆ ಇರೋದನ್ನ ತೆಗೀರಿ ಬೋರ್ಡಣ್ಣ. ಅಷ್ಟಾದ್ರೂ ತಲೆನೋವು ಕಡಿಮೆ ಆಗತ್ತೆ."

"ಮೇಡಂ, ಅದು ನನ್ನ ಸಹಿ. ನಿಮ್ಮ ತಲೆ ಮೇಲಿರೋ ಬೋರ್ಡಲ್ಲೂ ಇದೆ, ನೋಡಿ."

ಮೇಡಂ ತಿರುಗಿ ನೋಡಿದರು. 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ಒಂಬತ್ತು ವರ್ಷ ಕುಳಿತು ಸದ್ದು ಕೇಳಿದವರು ಅವರು. ಆ ಬೋರ್ಡನ್ನು ನೆಟ್ಟಗೆ ನೋಡಿದ್ದು ಅಂದೇ. ಬಲಮೂಲೆಯಲ್ಲಿ ನಾಲ್ಕಕ್ಷರ ಇತ್ತು. ಬೋರ್ಡಣ್ಣ ಅವರನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ 'ಇಲ್ಲಿ ಉಗುಳಬಾರದು' ಬೋರ್ಡಿನ ಮುಂದೆ ನಿಲ್ಲಿಸಿದ. ಅಲ್ಲಿ ಮೂಲೆ ಬೋಳಾಗಿತ್ತು. ಯಾರೋ ಬ್ಲೇಡಿನಿಂದ ಹೆರೆದ ಗೀರುಗಳು ಕಾಣುತ್ತಿದ್ದವು.

"ಇಲ್ಲಿದ್ದದ್ದು ಎಲ್ಲಿ?" ಎಂದು ಅವನು ಕೇಳಿದ.

ಬಾಗಿಲಲ್ಲಿ ನಿಂತಿದ್ದ ಜವಾನ ತಲೆ ಕೆರೆದುಕೊಂಡ. "ಅದಾ... ಯಾರೋ ಫುಟ್‌ಬಾಲ್ ಹುಚ್ಚರು ಗೀಚಿದಾರೆ ಅಂದ್ಕೊಂಡು ನಾನೇ ಕೆರೆದು ತೆಗ್ದೆ. ಸಾಹೇಬ್ರು ಶಹಬ್ಬಾಸ್ ಅಂದಿದ್ರು."

 ಬೋರ್ಡಣ್ಣನಿಗೆ ಅಳು ಬರುವ ಹಾಗಾಯಿತು, ಅದು ಹೊರಬರುವಷ್ಟರಲ್ಲಿ ಸಿಟ್ಟಾಗಿತ್ತು. ನೇರ ಹೋಗಿ ತನ್ನ ನೀಲಿ ಬೋರ್ಡನ್ನು ಎತ್ತಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಗೋಡೆಗೆ ಒರಗಿಸಿದ. ಪೆಟ್ಟಿಗೆ ತೆರೆದು, ಬಿಳಿ ಪೇಂಟಿನ ಡಬ್ಬಿಯ ಮುಚ್ಚಳ ಮೀಟಿ, ಅಗಲದ ಬ್ರಶ್ ತೆಗೆದು, ಎರಡು ಬೆರಳು ಎತ್ತರದ ಹೆಸರನ್ನು ಗೇಣೆತ್ತರ ಮಾಡಿದ. ಕೊನೆಯ ಅಕ್ಷರದ ಒತ್ತಿಗೆ ಎಂದೂ ಹಾಕದಷ್ಟು ಉದ್ದನೆಯ ಬಾಲ ಎಳೆದ. ಆಮೇಲೆ ಬೋರ್ಡಿನ ಪಕ್ಕ ಕಾಲಮೇಲೆ ಕಾಲು ಹಾಕಿ ಕೂತ.

"ಅಳಿಸೋದಾದ್ರೆ ಮೇಲಿಂದು ಅಳಿಸಿ," ಎಂದ. "ಅವರಿಬ್ಬರಿಗೂ ಬೇಕಾದಷ್ಟು ಜಾಗ ಇದೆ. ಪೇಪರಲ್ಲಿದೆ, ಪುಸ್ತಕದಲ್ಲಿದೆ. ನನಗಿರೋದು ಈ ಮೂಲೆ. ಇದನ್ನ ಬಿಟ್ಟು ಕೊಡಲ್ಲ."

"ಬೋರ್ಡಣ್ಣ, ಹಟ ಮಾಡ್ಬೇಡಿ. ನಿಮ್ಮನ್ನ ನಾವೆಲ್ಲ ಎಷ್ಟು ಪ್ರೀತಿಯಿಂದ ಬೋರ್ಡಣ್ಣ ಅಂತೀವಿ."

"ಅದೇ ತೊಂದರೆ ಮೇಡಂ."

ಮೇಡಂ ಒಳಗೆ ಹೋದರು. ಡ್ರಾಯಿಂಗ್ ಮೇಷ್ಟ್ರು ಮೆಲ್ಲನೆ ಬಂದು ಪಕ್ಕದಲ್ಲಿ ಕೂತರು. ಎಷ್ಟಾದರೂ ಬ್ರಶ್ ಹಿಡಿದ ಕೈ, ಬ್ರಶ್ ಹಿಡಿದವನ ಮೇಲೆ ಕನಿಕರ ಹುಟ್ಟಿತ್ತು. "ನೋಡಪ್ಪ, ನಿನ್ನ ಅಕ್ಷರ ಬಹಳ ಚೆನ್ನಾಗಿದೆ. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕಲೆ ಅನ್ನೋದು..." ಎನ್ನುತ್ತ ದೀರ್ಘ ಉಪನ್ಯಾಸಕ್ಕೆ ಅನುಕೂಲವಾಗುವಂತೆ ಆರಾಮಾಗಿ ಹಿಂದಕ್ಕೆ ಒರಗಿದರು.

"ಮೇಷ್ಟ್ರೇ, ಹಸಿ..." ಎಂದ ಬೋರ್ಡಣ್ಣ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಮೇಷ್ಟ್ರು ಎದ್ದು ತಿರುಗಿದಾಗ ಕಾರಿಡಾರಿಗೆ ಕಾರಿಡಾರೇ ಬಾಯಿ ಮುಚ್ಚಿಕೊಂಡು ನಿಂತಿತು. ಬಿಳಿ ಪೇಂಟು ಬಿಳಿ ಅಂಗಿಯ ಮೇಲೆ ಕಾಣುತ್ತಿರಲಿಲ್ಲವೇನೋ, ಆದರೆ ಕೆಳಗಿನ ನೀಲಿಯೂ ಪೂರ್ತಿ ಒಣಗಿರಲಿಲ್ಲ. ಅಕ್ಷರಗಳ ಸುತ್ತ ಅಂಚು ಕಟ್ಟಿದಂತೆ ಅದೂ ಎದ್ದು ಬಂದಿತ್ತು. ಮೇಷ್ಟ್ರ ಬೆನ್ನಿನ ತುಂಬ ಆ ಹೆಸರು, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ.

"ಮೇಷ್ಟ್ರೇ, ಜೆರ್ಸಿ ಚೆನ್ನಾಗಿ ಒಪ್ಪತ್ತೆ ನಿಮಗೆ," ಎಂದ ಸೈಕಲ್ ಶಾಪಿನವನು. "ಬನ್ನಿ, ನಮ್ಮ ಟೀಮಿಗೆ ಒಬ್ಬರು ಕಡಿಮೆ ಇದಾರೆ."

ಮೇಷ್ಟ್ರು ಕೆಂಡಾಮಂಡಲವಾದರು. ಮೂವತ್ತು ವರ್ಷ ಮಕ್ಕಳಿಗೆ ಪೇಂಟು ಅಂಗಿಗೆ ತಾಗಿಸಿಕೊಳ್ಳಬೇಡಿ ಎಂದು ಹೇಳಿದ್ದ ಬಾಯಿಂದ ಒಂದಕ್ಕೊಂದು ಕೂಡದ ಮಾತುಗಳು ಹೊರಟವು. ಪೊಲೀಸರನ್ನು ಕರೆಸುತ್ತೇನೆ ಎಂದರು, ಇಲ್ಲ ಟರ್ಪೆಂಟೈನ್ ತರಿಸಿ ಎಂದರು. ಅಂಗಿ ಬಿಚ್ಚಲು ಒಪ್ಪದೆ ಗೋಡೆಗೆ ಬೆನ್ನು ಕೊಟ್ಟು ನಿಂತರು, ಗೋಡೆಗೂ ಸ್ವಲ್ಪ ಹೆಸರು ಹತ್ತಿತು. ಈ ಬಾರಿ ಅಕ್ಷರಗಳು ನೆಟ್ಟಗಿದ್ದವು. ಬೋರ್ಡಣ್ಣ ಮನಸ್ಸಿನಲ್ಲೇ ಅದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ.

ಒಂದು ಗಂಟೆಗೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಬರುವಷ್ಟರಲ್ಲಿ ದಾರಿಯಲ್ಲಿ ಏಳೆಂಟು ಜನ ಅವಳಿಗೆ ಏಳೆಂಟು ಕತೆ ಹೇಳಿದ್ದರು. ಒಂದರಲ್ಲಿ ಅವಳ ಗಂಡ ಮೇಷ್ಟ್ರಿಗೆ ಹೊಡೆದಿದ್ದ, ಇನ್ನೊಂದರಲ್ಲಿ ಪುರಸಭೆ ಅಧ್ಯಕ್ಷನಾಗಿದ್ದ.

"ಏನ್ರೀ ಇದು, ಮಗಳು ಮದುವೆಗೆ ಬಂದಿರೋ ವಯಸ್ಸಲ್ಲಿ ಬೆಂಚಿನ ಮೇಲೆ ಕೂತು ಹಟ?"

"ನನ್ನ ಹೆಸರು ಕೆರೆದು ತೆಗೆದಿದಾರೆ ಕಣೇ," ಎಂದ ಬೋರ್ಡಣ್ಣ. ಎದುರಿಗಿದ್ದ ಬೋರ್ಡಿನ ಗೀರು ತೋರಿಸಿದ. ಅವಳು ಹತ್ತಿರ ಹೋಗಿ ಗೀರಿನ ಮೇಲೆ ಬೆರಳಾಡಿಸಿದಳು. ಮುಖ ಗಂಟಿಕ್ಕಿತು. ಅಷ್ಟರಲ್ಲಿ ಹೊರಬಂದ ಮೇಡಂ, ಸಿಕ್ಕಿತು ಆಸರೆ ಎಂಬಂತೆ ಅವಳ ಕೈ ಹಿಡಿದುಕೊಂಡರು.

"ನೀವಾದ್ರೂ ಬುದ್ಧಿ ಹೇಳಿ ತಾಯಿ. ಆ ಹೆಸರಲ್ಲಿ ಅಷ್ಟು ದೊಡ್ಡ ದೊಡ್ಡವರಿದ್ದಾರೆ. ಇವರು ಅವರ ಜೊತೆ ಪೈಪೋಟಿಗೆ ನಿಂತ್ರೆ ಹೇಗೆ?"

"ದೊಡ್ಡೋರು ಅಂದ್ರೆ ಯಾರು ಮೇಡಂ?" ಎಂದಳು ಅವಳು. "ಒಬ್ರು ಬಾಗಿಲು ಬರೆದ್ರು, ಒಬ್ರು ಚೆಂಡು ಹಿಡಿದ್ರು. ಈ ಊರಲ್ಲಿ ಆಸ್ಪತ್ರೆ ಎಲ್ಲಿ, ಶಾಲೆ ಎಲ್ಲಿ, ಔಷಧಿ ಅಂಗಡಿ ಎಲ್ಲಿ ಅಂತ ಬರೆದು ತೋರಿಸಿದ್ದು ಯಾರು? ಆ ಹೆಸರಿನೋರು ನನಗೆ ಗೊತ್ತಿರೋದು ಒಬ್ಬರೇ, ಇವರೇ. ಮಿಕ್ಕೋರು ಆಮೇಲೆ." ಎಂದವಳೇ ಡಬ್ಬಿ ಬಿಚ್ಚಿ ಗಂಡನ ಪಕ್ಕ ಕೂತುಬಿಟ್ಟಳು. ಬೋರ್ಡಣ್ಣ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನೇ ನೋಡಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಅವನ ಪರ ಸಾರ್ವಜನಿಕವಾಗಿ ಮಾತಾಡಿದ್ದು ಅದೇ ಮೊದಲು.

ಕಾರಿಡಾರಿನಲ್ಲಿ ಗಾಳಿ ತಿರುಗಿತು. ಔಷಧಿ ಅಂಗಡಿಯವನು, "ನಮ್ಮ ಬೋರ್ಡಲ್ಲೂ ಇವರ ಹೆಸರಿದೆ ರೀ, ಹೌದು," ಎಂದ. ಯಾರೋ ಹಿಂದಿನಿಂದ "ಪಾಪ, ಅವರದೂ ಒಂದು ಹೆಸರಲ್ವಾ," ಎಂದರು. ಸೈಕಲ್ ಶಾಪಿನವನಿಗೂ ಮೇಷ್ಟ್ರಿಗೂ ಒಂದು ವಿಷಯ ಒಟ್ಟಿಗೇ ಹೊಳೆಯಿತು: ಬೀದಿ ಬೋರ್ಡಣ್ಣನ ಪಾಲಾದರೆ ಎದುರು ಪಕ್ಷಕ್ಕೆ ಹೋಗುವುದಿಲ್ಲ. ಇಬ್ಬರೂ ಮೇಡಂ ಕೋಣೆಗೆ ಜೊತೆಯಾಗಿ ಹೋದರು. ಮೇಡಂ ಅಧ್ಯಕ್ಷರಿಗೆ ಫೋನು ಮಾಡಿದರು. ನಾಲ್ಕು ಗಂಟೆಗೆ ತುರ್ತು ಸಭೆ ಕೂಡಿತು, ನಾಲ್ಕೂ ಹತ್ತಕ್ಕೆ ಮುಗಿಯಿತು.

"ಬೋರ್ಡಣ್ಣ," ಎಂದರು ಮೇಡಂ ಹೊರಗೆ ಬಂದು, ನಗುತ್ತ. "ಕಲಾವಿದರಿಗೂ ಇಲ್ಲ, ಗೋಲ್‌ಕೀಪರಿಗೂ ಇಲ್ಲ. ಇಷ್ಟು ವರ್ಷ ಊರಿಗೆಲ್ಲ ಹೆಸರು ಬರೆದೋರು ನೀವು. ಬೀದಿಗೆ ನಿಮ್ಮ ಹೆಸರೇ ಇಡ್ತಾ ಇದೀವಿ. ಸರ್ವಾನುಮತ."

ಜನ ಚಪ್ಪಾಳೆ ತಟ್ಟಿದರು. ಬೆನ್ನ ಮೇಲೆ ಹೆಸರು ಹೊತ್ತ ಮೇಷ್ಟ್ರು ಕೂಡ ತಟ್ಟಿದರು. ಬೋರ್ಡಣ್ಣನ ಕಣ್ಣು ತುಂಬಿಬಂತು. ಅಮ್ಮ ಇದ್ದಿದ್ದರೆ ಎಂದುಕೊಂಡ. ಹಿಂದೆ ಮುಂದೆ ನೋಡದೆ ನೀಲಿ ಡಬ್ಬಿ ತೆರೆದು ಬೋರ್ಡಿಗೆಲ್ಲ ಹೊಸದಾಗಿ, ಬೇಗ ಒಣಗಲೆಂದು ತೆಳ್ಳಗೆ, ನೀಲಿ ಹೊಡೆದ. ಮೊದಲಿದ್ದ ಅದೇ ಹೆಸರನ್ನು ಅಳಿಸಿ ಮತ್ತೆ ಅದೇ ಹೆಸರು ಬರೆಯುವುದು ಹುಚ್ಚುತನ ಎಂದು ಜವಾನ ಹೇಳಿದ. ಅದು ಅವರದು, ಇದು ನನ್ನದು ಎಂದ ಬೋರ್ಡಣ್ಣ. ಆಮೇಲೆ ಠರಾವಿನ ಕಾಗದವನ್ನು ಅಕ್ಷರ ತಪ್ಪಾಗದಿರಲಿ ಎಂದು ಬಿಡಿಸಿ ಓದಿದ.

'ಸದರಿ ಬೀದಿಗೆ ಬೋರ್ಡಣ್ಣ ಬೀದಿ ಎಂದು ಹೆಸರಿಡತಕ್ಕದ್ದು. ಈಗಾಗಲೇ ವಿವಾದಕ್ಕೆ ಎಡೆಮಾಡಿರುವ ಹೆಸರು ಫಲಕದ ಯಾವ ಮೂಲೆಯಲ್ಲಿಯೂ ಇರತಕ್ಕದ್ದಲ್ಲ.'

ಅವನು ಎರಡು ಸಲ ಓದಿದ. ಕಾಗದ ತಿರುಗಿಸಿ ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ.

"ಮೇಡಂ, ಇದು ನನ್ನ ಹೆಸರಲ್ಲ."

"ಅಯ್ಯೋ, ಇಡೀ ಊರು ಕರೆಯೋದೇ ಹಾಗಲ್ವಾ? ಆ ಇನ್ನೊಂದು ಹೆಸರು ಹಾಕಿದ್ರೆ ಮತ್ತೆ ಇದೇ ಕತೆ. ಇನ್ನು ಬದಲಾಯಿಸಕ್ಕಾಗಲ್ಲ ಬೋರ್ಡಣ್ಣ, ಅಧ್ಯಕ್ಷರು ಸಹಿ ಹಾಕಿ ಮನೆಗೆ ಹೋದ್ರು."

ಬೋರ್ಡಣ್ಣ ಬ್ರಶ್ ಕೆಳಗಿಟ್ಟ. ಬರೆಯುವುದಿಲ್ಲ ಎನ್ನಬೇಕೆಂದಿದ್ದ, ಬಾಯಿ ತೆರೆದೂ ಇದ್ದ. ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಬರೀರಿ," ಎಂದಳು ಮೆಲ್ಲಗೆ. "ಆ ಹೆಸರಿಗೆ ಮೂರು ಜನ ವಾರಸುದಾರರು. ಇದಕ್ಕೆ ಯಾರಿದಾರೆ? ಪ್ರಪಂಚದಲ್ಲಿ ಬೋರ್ಡಣ್ಣ ಅಂತ ನೀವೊಬ್ಬರೇ. ಯಾವನೂ ಬಂದು ನಂದು ಅನ್ನಲ್ಲ."

ಅವನಿಗೆ ಆ ಮಾತು ಹಿಡಿಸಿತು. ಹೌದಲ್ಲ, ಇಷ್ಟು ದಿನ ಬೇರೆಯವರ ಮನೆ ಬಾಗಿಲಲ್ಲಿ ನಿಂತು ನನ್ನದು ನನ್ನದು ಎಂದು ಕೂಗಿದ್ದಾಯಿತು. ಇದಾದರೂ ಬೇರೆ ಯಾರದೂ ಅಲ್ಲದ ಹೆಸರು. ಇಟ್ಟುಕೊಂಡು ಇವರೆಲ್ಲರ ಎದುರು ತಲೆಯೆತ್ತಿ ನಡೆಯುತ್ತೇನೆ ಎಂದು ನಿಶ್ಚಯ ಮಾಡಿದ. ನೂಲು ಹಿಡಿದು ಗೆರೆ ಹೊಡೆದು, ಜೀವಮಾನದಲ್ಲಿ ಬರೆದದ್ದರಲ್ಲೆಲ್ಲ ಚೆಂದದ ಅಕ್ಷರದಲ್ಲಿ 'ಬೋರ್ಡಣ್ಣ ಬೀದಿ' ಎಂದು ಬರೆದ. ಬಲಮೂಲೆಗೆ ಬಂದಾಗ ಕೈ ತಾನಾಗಿ ಕೆಳಗಿಳಿಯಿತು. ಎಳೆದು ಹಿಂದಕ್ಕೆ ತಂದುಕೊಂಡ.

ಐದೂವರೆಗೆ ಬೀದಿಯ ಬಾಯಲ್ಲಿ ಏಣಿ ಹತ್ತಿ ಕೊನೆಯ ಸ್ಕ್ರೂ ತಿರುಗಿಸುತ್ತಿರುವಾಗ ಒಂದು ಸ್ಕೂಟರ್ ನಿಂತಿತು. ಸವಾರ ಬೇರೆ ಬಡಾವಣೆಯವನು, ಮುಖಪರಿಚಯವಿರಲಿಲ್ಲ. ಹೆಲ್ಮೆಟ್ ತೆಗೆದು ಬೋರ್ಡನ್ನು ಓದಿ ಅವನ ಮುಖ ಅರಳಿತು.

"ಬೋರ್ಡಣ್ಣ ಬೀದಿ. ಪರವಾಗಿಲ್ಲ ರೀ, ಕೊನೆಗೂ ಸರ್ಕಾರದೋರು ಗುರುತಿಸಿದ್ರಲ್ಲ."

ಬೋರ್ಡಣ್ಣ ಏಣಿಯ ಮೇಲೆ ಎದೆ ಸೆಟೆಸಿದ. "ಗುರುತಿಸಲೇಬೇಕಾಯ್ತು."

"ಮತ್ತೆ? ಮೂರು ಸಲ ಚಾಂಪಿಯನ್ ಅಂದ್ರೆ ಹುಡುಗಾಟಾನಾ?"

"ಯಾರು ಚಾಂಪಿಯನ್?"

"ಬೋರ್ಡಣ್ಣ. ನಮ್ಮ ಕಡೆ ಕೇರಂ ಬೋರ್ಡಣ್ಣ ಅಂದ್ರೆ ಮಕ್ಕಳಿಗೂ ಗೊತ್ತು. ಅವರ ಸ್ಟ್ರೈಕರ್ ನೋಡ್ಬೇಕು ನೀವು. ಕೆಂಪು ಕಾಯಿ ತಾನಾಗೇ ಎದ್ದು ಹೋಗಿ ತೂತಿಗೆ ಬೀಳತ್ತೆ."

ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ತಲೆಯೆತ್ತಲಿಲ್ಲ. ಸೈಕಲ್ ಶಾಪಿನವನು ಪಂಪು ಒತ್ತುವುದನ್ನು ನಿಲ್ಲಿಸಿದ. ಎದುರು ಮನೆಯ ಹಗ್ಗಕ್ಕೆ ಅಂಗಿ ಒಣಹಾಕುತ್ತಿದ್ದ ಮೇಷ್ಟ್ರು ಅಲ್ಲೇ ನಿಂತರು.

"ಬೋರ್ಡಣ್ಣ ಅಂದ್ರೆ ನಾನು," ಎಂದ ಬೋರ್ಡಣ್ಣ, ಒಂದೊಂದೇ ಅಕ್ಷರ ಬಿಡಿಸಿ.

"ಹೌದಾ?" ಎಂದ ಸ್ಕೂಟರಿನವನು, ಬಹಳ ಸಂತೋಷದಿಂದ. "ನೀವೂ ಆಡ್ತೀರಾ?"

ಬೋರ್ಡಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದ. ಹುಟ್ಟಿದಾರಭ್ಯ ಅವನು ಕೇರಂ ಮುಟ್ಟಿದವನಲ್ಲ. ಸ್ಕೂಟರಿನವನ ಎದುರು ಬಂದು ನಿಂತು, ತೋಳು ಮಡಚಿದ.

"ಆಡ್ತೀನಿ," ಎಂದ. "ಎಲ್ಲಿದಾನೆ ಅವನು? ಕರ್ಕೊಂಡು ಬನ್ನಿ."